ಮೈಬೂಬಿ ಅಳಿಸಿದ್ದ ಒಂದು ಪದ

ಬದುಕಿದ್ದ ಮನುಷ್ಯನನ್ನು ಲಗ್ನಪತ್ರಿಕೆಯಲ್ಲಿ ಸಾಯಿಸಿದವನು ನಾನು, ಮೈಬೂಬಿ. ನೀನಲ್ಲ. ನೀನು ಆ ಪದವನ್ನು ತೆಗೆದಿದ್ದೆ. ತೆಗೆದು ನನಗೆ ತೋರಿಸಿದ್ದೆ. ನಾನು ನೋಡಿ ಹೂಂ ಎಂದಿದ್ದೆ. ಆಮೇಲೆ ಜನರೆದುರು ನಿನ್ನ ಕಡೆ ಕೈ ತೋರಿಸಿದೆ — ತಪ್ಪು ಯಾರದೆಂದು ಗೊತ್ತಿದ್ದೂ ತೋರಿಸಿದೆ. ಇಷ್ಟನ್ನು ಮೊದಲಿಗೇ ಹೇಳಿಬಿಡಬೇಕು. ತಡಮಾಡಿದರೆ ನನ್ನ ಬಾಯಿ ಮತ್ತೆ ಅಡ್ಡದಾರಿ ಹಿಡಿಯುತ್ತದೆ, ಅದರ ಗುಣ ನನಗೆ ಗೊತ್ತು.

ಬರೆಯುತ್ತಿರುವುದು ನಿನಗೆ. ಆದರೆ ಊರ ಮಂದಿಯೂ ಓದಲಿ ಎಂಬ ಆಸೆ ನನ್ನದು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಸುರಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕಾರ್ಡು, ಅಂಗಡಿಗಳ ಬೋರ್ಡು — ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಯಾದಗಿರಿಯ ಒಂದು ಪ್ರೆಸ್ಸಿಗೆ ಕಳಿಸುವುದು ನಮ್ಮ ಕೆಲಸ. ನಮ್ಮ ಕೆಲಸ ಎಂದೆ. ನಿಜವಾಗಿ ಅದು ನಿನ್ನ ಕೆಲಸವಾಗಿತ್ತು. ನಾನು ಮುಂದಿನ ಕಂಪ್ಯೂಟರಿನೆದುರು ಕೂತು ಬಂದವರಿಗೆ ಚಹಾ ತರಿಸುವವನು, ಬಣ್ಣ ತೋರಿಸುವವನು. ಒಳಗಿನ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುವವಳು ನೀನು. ಮನೆಯಲ್ಲಿ ದಖನಿ ಆಡುವ, ಉರ್ದು ಶಾಲೆಯಲ್ಲಿ ಕಲಿತ ನಿನ್ನ ಕನ್ನಡದಲ್ಲಿ ತಪ್ಪು ಹುಡುಕಲು ಹೋದವರು ಬರಿಗೈಯಲ್ಲಿ ಬಂದಿದ್ದಾರೆ. ಲಿಂಗಾಯತರ ಪತ್ರಿಕೆಯಲ್ಲಿ ಯಾವ ಮಠದ ಅಜ್ಜನ ಹೆಸರು ಮೇಲಿರಬೇಕು, ಬೇಡರ ಮನೆಯ ಪತ್ರಿಕೆ ಯಾವ ದೇವರ ಹೆಸರಿನಿಂದ ಶುರುವಾಗಬೇಕು ಎಂದು ನಾನೇ ನಿನ್ನನ್ನು ಕೇಳುತ್ತಿದ್ದೆ. ಕೇಳಿ, ಗಿರಾಕಿಗೆ ನನ್ನದೇ ತಿಳಿವಳಿಕೆ ಎಂಬಂತೆ ಹೇಳುತ್ತಿದ್ದೆ.

ಈ ಕಸುಬಿನಲ್ಲಿ ಯಾರೂ ಖಾಲಿ ಹಾಳೆಯಿಂದ ಶುರುಮಾಡುವುದಿಲ್ಲ. ಹಿಂದಿನ ಯಾರದೋ ಪತ್ರಿಕೆಯನ್ನು ತೆರೆದು, ಅದನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡು, ಅವರ ಹೆಸರು ಅಳಿಸಿ ಇವರ ಹೆಸರು ಹಾಕುವುದು. ಇದನ್ನೆಲ್ಲ ನಾವು ಬ್ರೌಸರಿನೊಳಗೇ ಮಾಡುತ್ತಿದ್ದೆವು. ಫೈಲ್ ಮಾತ್ರ ನಿನ್ನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ, ಅದು ನನ್ನ ಕಂಪ್ಯೂಟರಿನಲ್ಲೂ ತೆರೆಯುತ್ತಿತ್ತು. ಆದರೆ ಆ ಬ್ರೌಸರಿಗೆ ಒಂದು ಚಟ. ಏನಾದರೂ ಸೇವ್ ಮಾಡಲು ಹೋದರೆ ಸಾಕು, ಮೇಲಿನಿಂದ ಒಂದು ಸಣ್ಣ ಚೌಕ ಇಳಿಯುತ್ತಿತ್ತು: ನಿಮ್ಮ ಈ ಫೈಲನ್ನು ಬದಲಿಸುತ್ತೇನೆ, ಅನುಮತಿ ಇದೆಯೇ? ಇದೆ ಎಂದು ಒತ್ತಬೇಕು. ಮುಚ್ಚಿ ಮತ್ತೆ ತೆರೆದರೆ ಮತ್ತೆ ಅದೇ ಪ್ರಶ್ನೆ. ಬೆಳಿಗ್ಗೆಯಿಂದ ಸಂಜೆಯ ತನಕ ಅದಕ್ಕೆ ಹೂಂ ಹೂಂ ಎನ್ನುವುದೇ ಒಂದು ದುಡಿಮೆ.

ಆ ಚೌಕ ಇಳಿದಾಗಲೆಲ್ಲ ನಾವಿಬ್ಬರೂ ಒಬ್ಬರನ್ನೊಬ್ಬರು ಕೂಗುತ್ತಿದ್ದೆವು. ಯಾರೂ ಮಾಡಿದ ನಿಯಮವಲ್ಲ, ತಾನಾಗಿ ಬಂದ ರೂಢಿ. ನಾನು ಮುಂದಿನಿಂದ, "ಒತ್ತಲೇನಬೇ ಮೈಬೂಬಿ?" ಎನ್ನುವುದು. ಅದೇ ಪತ್ರಿಕೆ ನಿನ್ನ ಮುಂದೆಯೂ ತೆರೆದಿದ್ದರೆ ನೀನು ಒಳಗಿನಿಂದ, "ತಡೀರಿ ಅಣ್ಣಾರ, ನಿಮ್ದು ಹಳೀದದ," ಎನ್ನುವುದು. ಆಗ ನಾನು ನನ್ನದನ್ನು ಮುಚ್ಚಿ ಹೊಸದಾಗಿ ತೆರೆಯುತ್ತಿದ್ದೆ. ಒಬ್ಬರು ಮಾಡಿದ್ದರ ಮೇಲೆ ಇನ್ನೊಬ್ಬರು ಹಳೆಯದನ್ನು ಎಳೆದುಬಿಡದಂತೆ ನಮ್ಮನ್ನು ಕಾಯುತ್ತಿದ್ದದ್ದು ಆ ಕೂಗು. ಆಗ ಅದು ನನಗೆ ಹೊಳೆದಿರಲಿಲ್ಲ — ಹೊಳೆದಿದ್ದರೆ ಎಂದು ಈಗ ಬರೆಯುವುದೂ ಒಂದು ನೆಪವೇ. ಬಿಡು.

ಚೆನ್ನಪ್ಪಗೌಡರ ಮಗಳ ಲಗ್ನ ಶಹಾಪುರದ ಕಡೆ ಗೊತ್ತಾಗಿತ್ತು. ಪತ್ರಿಕೆ ಮಾಡಿಸಲು ಗೌಡರು, ಅವರ ಹೆಂಡತಿ, ಅವರ ಅಕ್ಕ ಗೌರಮ್ಮ — ಮೂವರೂ ಬಂದು ನನ್ನ ಎದುರು ಕೂತರು. ನಾನು ತೆರೆದ ಪತ್ರಿಕೆಗಳಲ್ಲೆಲ್ಲ ಆ ಚೌಕ ಇಳಿಯತೊಡಗಿತು. ಒತ್ತಿದೆ, ಕೂಗಿದೆ, ನೀನು ಉತ್ತರಿಸಿದೆ, ಮತ್ತೆ ಒತ್ತಿದೆ. ಗೌರಮ್ಮನಿಗೆ ತಾಳ್ಮೆ ಕೆಟ್ಟಿತು.

"ಏನ್ ಕೇಳಾಕತ್ತದೋ ಅದು, ಮ್ಯಾಲಿಂದ ಮ್ಯಾಲ?"

"ಪರ್ಮಿಶನ್ ಕೇಳ್ತದ್ರಿ ಅವ್ವಾರ. ಸೇವ್ ಮಾಡ್ಲೇನು ಅಂತ."

"ಹೊರಗ ಹೊಂಟವರಿಗೆ ಎಲ್ಲಿಗೆ ಅಂತ ಒಮ್ಮಿ ಕೇಳಿದ್ರನ ಕೆಲಸ ಕೆಡ್ತದ. ಲಗ್ನದ ಪತ್ರಿಕಿ ಮಾಡೋ ಮುಂದ ಇದು ಹೆಜ್ಜಿಗೊಮ್ಮಿ ಅಡ್ಡ ಬಾಯಿ ಹಾಕ್ತದಲ್ಲ! ಮೊದಲ ಇದರ ಬಾಯಿ ಮುಚ್ಚಸು."

ಈ ಕಡೆಯವರಿಗೆ ಅದು ತಮಾಷೆಯ ಮಾತಲ್ಲ. ಬೀಜ ಬಿತ್ತಲು ಹೊರಟವನನ್ನು, ಹೆಣ್ಣು ನೋಡಲು ಹೊರಟವನನ್ನು ಎಲ್ಲಿಗೆ ಎಂದು ಕೇಳಿದರೆ ಆತ ತಿರುಗಿ ಬಂದು ನೀರು ಕುಡಿದು ಮತ್ತೆ ಹೊರಡುತ್ತಾನೆ. ಗೌರಮ್ಮ ಒಬ್ಬಳೇ ಅಲ್ಲ, ಅವಳಿಗಿಂತ ಮೊದಲೂ ಎಷ್ಟೋ ಹಿರಿಯರು ಆ ಚೌಕವನ್ನು ಕಂಡು ಮುಖ ಗಂಟಿಕ್ಕಿದ್ದರು. ನಿನಗೂ ಸಾಕಾಗಿತ್ತು. ಒಳಗಿನಿಂದ ನೀನೂ ನಗುತ್ತ, "ಹೌದ್ರಿ ಅಣ್ಣಾರ, ಮುಚ್ಚಸ್ರಿ, ಒತ್ತಿ ಒತ್ತಿ ಬೆರಳು ನೋಯಾಕತ್ತಾವ," ಎಂದೆ. ಇದನ್ನು ನಿನ್ನ ಮೇಲೆ ಹೊರೆ ಹಾಕಲು ಬರೆಯುತ್ತಿಲ್ಲ. ಆ ದಿನ ನಾವೆಲ್ಲ ನಗುತ್ತಿದ್ದೆವು, ಅದು ನೆನಪಿಗೆ ಬರುತ್ತದೆ, ಅಷ್ಟೆ.

ಮುಚ್ಚಿಸುವುದು ಸುಲಭವಿತ್ತು. ಅದೇ ಚೌಕದಲ್ಲಿ, ಈ ಸಲಕ್ಕೆ ಮಾತ್ರ ಅನುಮತಿ ಎಂಬುದರ ಪಕ್ಕದಲ್ಲಿ, ಪ್ರತಿ ಸಲವೂ ಅನುಮತಿ ಎಂದು ಇನ್ನೊಂದು ಗುಂಡಿ. ಎರಡೂ ಕಂಪ್ಯೂಟರಿನಲ್ಲಿ ಅದನ್ನು ಒತ್ತಿದೆ. ಸಾಲದೆಂದು, ಪತ್ರಿಕೆ ಜೋಡಿಸುವ ವೆಬ್‌ಸೈಟಿನಲ್ಲಿ ಏನೇ ಬದಲಿಸಿದರೂ ತಾನಾಗಿಯೇ ಸೇವ್ ಆಗುವಂತೆಯೂ ಮಾಡಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಎಚ್ಚರಿಕೆ ಇತ್ತು. ಓದಲಿಲ್ಲ. ಗೌಡರ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದರು, ಗೌರಮ್ಮ ಶಾಣ್ಯಾ ಅದಿ ಎಂದಳು, ನಾನು ಉಬ್ಬಿಹೋದೆ. ಆಮೇಲೆ ಚೌಕ ಇಳಿಯಲಿಲ್ಲ. ನಮ್ಮಿಬ್ಬರ ಕೂಗೂ ಅಲ್ಲಿಗೇ ನಿಂತಿತು.

ಗೌಡರ ಪತ್ರಿಕೆಗೆ ನಾವು ಬಳಸಿದ್ದು ತಂದೆ ಇಲ್ಲದ ಒಬ್ಬ ಹುಡುಗಿಯ ಹಳೆಯ ಪತ್ರಿಕೆಯನ್ನು. ತೀರಿಕೊಂಡವರ ಹೆಸರಿನ ಹಿಂದೆ ನಮ್ಮಲ್ಲಿ ಲಿಂಗೈಕ್ಯ ಎಂದು ಬರೆಯುತ್ತಾರೆ. ಅದರಲ್ಲೂ ಹಾಗೇ ಇತ್ತು. ನೀನು ಎಲ್ಲ ಹೆಸರು ಬದಲಿಸಿದೆ, ಆ ಒಂದು ಪದ ಮಾತ್ರ ಮೊದಲ ಸುತ್ತಿನಲ್ಲಿ ಉಳಿದುಕೊಂಡಿತು. ಬಣ್ಣ ನೋಡಲೆಂದು ನಾನು ಅದನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು ಗೌಡರ ಮನೆಯವರಿಗೆ ತೋರಿಸಿದೆ. ಅವರು ಬಣ್ಣ ನೋಡಿದರು, ಬಳ್ಳಿ ನೋಡಿದರು, ಮೇಲಿದ್ದ ಅವರ ಮನೆದೇವರು ತಿಂಥಣಿ ಮೋನಪ್ಪನ ಚಿತ್ರಕ್ಕೆ ಕೈಮುಗಿದರು. ಅಕ್ಷರ ಯಾರೂ ಓದಲಿಲ್ಲ, ನಾನೂ ಓದಲಿಲ್ಲ. ಅವರು ಎದ್ದು ಹೋದ ಮೇಲೂ ಅದು ನನ್ನ ಮುಂದೆ ಹಾಗೇ ತೆರೆದುಕೊಂಡಿತ್ತು.

ಓದಿದವಳು ನೀನು. ಒಳಗೆ ಕೂತು ಮೊದಲಿನಿಂದ ಸಾವಕಾಶವಾಗಿ ಓದಿ, ನನ್ನನ್ನು ಕರೆದೆ.

"ಅಣ್ಣಾರ, ಇಲ್ಲಿ ಬರ್ರಿ. ಗೌಡ್ರ ಹೆಸರಿಗೆ ಲಿಂಗೈಕ್ಯ ಅಂತ ಹಂಗೇ ಉಳದಿತ್ತು. ಈಗ ತೆಗದೇನಿ, ನೋಡ್ರಿ."

ಬಂದು ಬಗ್ಗಿ ನೋಡಿದೆ. ಪದ ಇರಲಿಲ್ಲ. "ಗೌಡ್ರು ಕಂಡಿದ್ರ ನಮ್ಮಿಬ್ಬರನ್ನೂ ಲಿಂಗೈಕ್ಯ ಮಾಡತಿದ್ರು ಬಿಡು," ಎಂದು ನಾನೇ ಹಾಸ್ಯ ಮಾಡಿದೆ. ನೀನು ಬಾಯಿಗೆ ಸೆರಗು ಒತ್ತಿ ನಕ್ಕೆ. ಎಷ್ಟು ಚೆನ್ನಾಗಿ ನೆನಪಿದೆ ನೋಡು. ಮರೆತಿದ್ದೆ ಎಂದು ಯಾವತ್ತಾದರೂ ನಾನು ಹೇಳಿದ್ದರೆ — ಹೇಳಿದ್ದೇನೆ, ಅದಕ್ಕೂ ಬರುತ್ತೇನೆ — ಅದು ಸುಳ್ಳು.

ನೀನು ಊಟಕ್ಕೆ ಮನೆಗೆ ಹೋದೆ. ಆಗ ಗೌರಮ್ಮನ ಫೋನ್ ಬಂತು. ಮೋನಪ್ಪನ ಚಿತ್ರ ಸಣ್ಣದಾಗ್ಯದ, ದೇವರು ಕಾಣಬೇಕಲ್ಲ, ದೊಡ್ಡದ ಮಾಡು ಎಂದಳು. ನನ್ನ ಮುಂದೆ ತೆರೆದಿದ್ದ ಹಳೆಯ ಪುಟದಲ್ಲೇ ಚಿತ್ರದ ಮೂಲೆ ಹಿಡಿದು ಎಳೆದೆ. ದೊಡ್ಡದಾಯಿತು. ಚೌಕ ಇಳಿಯಲಿಲ್ಲ, ಯಾವುದೂ ಏನೂ ಕೇಳಲಿಲ್ಲ. ನನ್ನ ಹಳೆಯ ಪುಟ ನಿನ್ನ ಹೊಸ ಪುಟದ ಮೇಲೆ ತಾನಾಗಿಯೇ ಕೂತುಬಿಟ್ಟಿತು. ನೀನು ತೆಗೆದಿದ್ದ ಪದ ಮತ್ತೆ ಬಂತು. ನಾನು ಫೋಲ್ಡರಿನಿಂದ ಅದನ್ನೇ ಎತ್ತಿ ಪ್ರೆಸ್ಸಿಗೆ ಕಳಿಸಿದೆ. ನೀನು ಬಂದು ಇನ್ನೊಮ್ಮೆ ಓದಲಿ ಎಂದು ಕಾಯಬಹುದಿತ್ತು. ಕಾಯಲಿಲ್ಲ.

ಅಚ್ಚಾದ ಕಟ್ಟು ನೇರವಾಗಿ ಗೌಡರ ಮನೆಗೆ ಹೋಯಿತು. ನಮ್ಮ ಕಡೆ ಮೊದಲ ಪತ್ರಿಕೆ ದೇವರಿಗೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಮನೆದೇವರ ಮುಂದಿಟ್ಟು, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಉಳಿದವರಿಗೆ ಹಂಚುವುದು. ಗೌಡರು ಹೆಂಡತಿಯನ್ನೂ ಅಕ್ಕನನ್ನೂ ಕರೆದುಕೊಂಡು ತಿಂಥಣಿಗೆ ಹೋದರು. ಹುಡುಗಿಯ ಸೋದರಮಾವ ಓದಿದನಂತೆ. ಕೈಯಲ್ಲಿ ತೆಂಗಿನಕಾಯಿ ಹಿಡಿದು ಚೆನ್ನಪ್ಪಗೌಡರು ನಿಂತಿದ್ದಾರೆ, ದೇವರ ಮುಂದೆ ಅವರ ಭಾವಮೈದುನ ಲಿಂಗೈಕ್ಯ ಚೆನ್ನಪ್ಪಗೌಡರ ಸುಪುತ್ರಿ ಎಂದು ಓದುತ್ತಿದ್ದಾನೆ. ಗೌಡರ ಹೆಂಡತಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ತಾಳಿ ಹಿಡಿದುಕೊಂಡು ಅತ್ತರಂತೆ. ಅವರು ಮನೆಗೆ ಹೋಗಲಿಲ್ಲ, ಸೀದಾ ನನ್ನ ಅಂಗಡಿಗೆ ಬಂದರು.

ಗೌಡರು ಬೈಯಲಿಲ್ಲ. ಪತ್ರಿಕೆಯನ್ನು ನನ್ನ ಮುಂದಿಟ್ಟು, "ಏನಿದು?" ಎಂದರು, ಅಷ್ಟೇ. ಹಿಂದೆ ಗೌರಮ್ಮ, ಭಾವಮೈದುನ, ಎದುರಿನ ಚಹಾದ ಅಂಗಡಿಯಿಂದ ಎದ್ದು ಬಂದ ಒಂದಿಷ್ಟು ಜನ. ನಾನು ಪತ್ರಿಕೆ ನೋಡಿದೆ. ಮೋನಪ್ಪನ ಚಿತ್ರ ದೊಡ್ಡದಿತ್ತು. ಅದನ್ನು ದೊಡ್ಡದು ಮಾಡಿದವನು ನಾನು, ನೀನು ಇಲ್ಲದ ಹೊತ್ತಿನಲ್ಲಿ. ದೊಡ್ಡ ಚಿತ್ರ ಮತ್ತು ಆ ಪದ, ಎರಡೂ ಒಂದೇ ಹಾಳೆಯ ಮೇಲೆ ಇರಬೇಕಾದರೆ ಅದು ನನ್ನ ಕಂಪ್ಯೂಟರಿನಿಂದಲೇ ಬಂದಿರಬೇಕು. ಎಲ್ಲ ತಿಳಿಯಿತು ಮೈಬೂಬಿ. ಗೊಂದಲದಲ್ಲಿ ಹೇಳಿದೆ, ಗಾಬರಿಯಲ್ಲಿ ಹೇಳಿದೆ ಎನ್ನಲು ನನಗೆ ದಾರಿಯೇ ಇಲ್ಲ. ತಿಳಿದ ಮೇಲೆಯೇ ಬಾಯಿ ತೆರೆದೆ.

"ಇದನ್ನ ಮಾಡಿದಾಕಿ ಮೈಬೂಬಿರಿ ಗೌಡ್ರ. ಅವರಿಗೆ ನಮ್ಮ ಲಿಂಗೈಕ್ಯ ಅಂದ್ರ ಏನ್ ತಿಳಿಬೇಕ್ರಿ?"

ಅವರಿಗೆ. ನಮ್ಮ. ಯಾರು ಕೇಳಿದ್ದರು ಅದನ್ನು? ಗೌಡರು ಕೇಳಿದ್ದು ಏನಿದು ಎಂದು. ತಪ್ಪಾಗಿದೆ, ಮತ್ತೆ ಹಾಕಿಸಿಕೊಡುತ್ತೇನೆ ಎಂದಿದ್ದರೆ ಅರ್ಧ ಗಂಟೆ ಬೈಸಿಕೊಂಡು ಮುಗಿಯುತ್ತಿತ್ತು. ಯಾರ ಬಾಯಲ್ಲೂ ಇಲ್ಲದ ಮಾತನ್ನು ನಾನೇ ಹುಡುಕಿ ತಂದೆ, ಅದು ಓಡುತ್ತದೆ ಎಂದು ಗೊತ್ತಿದ್ದರಿಂದ ತಂದೆ. ಓಡಿತು. ಅಷ್ಟು ಜನರ ಮುಖದಲ್ಲಿ ಒಂದು ನಮೂನೆ ಸಮಾಧಾನ ಕಂಡಿತು — ಕಾರಣ ಸಿಕ್ಕವರ ಸಮಾಧಾನ. "ಅದಕ್ಕ ಅನ್ನು ಮತ್ತ," ಎಂದಳು ಗೌರಮ್ಮ. ಎದುರಿಗೆ ಪತ್ರಿಕೆಯ ಮೇಲಿದ್ದ ದೇವರು ಯಾರು? ನಾವು ಮೋನಪ್ಪ ಎಂದು, ನಿಮ್ಮವರು ಮೌನುದ್ದೀನ್ ಎಂದು ಒಂದೇ ಗದ್ದುಗೆಗೆ ಹಣೆ ಹಚ್ಚುವ ದೇವರು. ಅವನ ಚಿತ್ರದ ಮೇಲೆ ಕೈಯಿಟ್ಟುಕೊಂಡೇ ನಾನು ಆ ಮಾತು ಆಡಿದ್ದು.

ನೀನು ಒಳಗಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದೆ. "ನಾ ತೆಗದಿದ್ದೆರಿ," ಎಂದೆ. ಗೌಡರಿಗಲ್ಲ, ನನಗೆ. "ಅಣ್ಣಾರ, ನಿಮಗ ತೋರಿಸಿದ್ದೆಲ್ರಿ."

ಕೈ ಮೌಸಿನ ಮೇಲಿತ್ತು. ನನ್ನ ಮುಂದೆ ಆ ಹಳೆಯ ಪುಟ ಇನ್ನೂ ತೆರೆದಿತ್ತು, ಅದರಲ್ಲಿ ಆ ಪದವೂ ಇತ್ತು. ಅದನ್ನು ಮುಚ್ಚುತ್ತ, "ಯಾವಾಗ ತೋರಿಸಿದೆಬೇ ನನಗ?" ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಎಷ್ಟು ಸಲ ಬೇರೆಯವರ ಮೇಲೆ ಪ್ರಯೋಗಿಸಿ ನಕ್ಕಿದ್ದೇನೋ. ಆ ದಿನ ಬರೆ ಎಳೆದ ಕೈ ನನ್ನದೇ. ನೀನು ಚಪ್ಪಲಿ ಮೆಟ್ಟಿಕೊಂಡು ಜನರ ನಡುವೆ ಹಾದು ಹೋದೆ. ದಾರಿ ಬಿಟ್ಟರು, ಆದರೆ ಮುಟ್ಟಿಸಿಕೊಳ್ಳಬಾರದವರಿಗೆ ಬಿಡುವ ಹಾಗೆ ಬಿಟ್ಟರು.

ಹೊಸ ಪತ್ರಿಕೆ ಬಂತು, ಶಹಾಪುರದಲ್ಲಿ ಲಗ್ನ ಚೆನ್ನಾಗಿ ಆಯಿತು. ನಾನು ಹೋಗಿ ಹೋಳಿಗೆ ಉಂಡು ಬಂದೆ. ಎದ್ದು ಹೋದ ಮರುದಿನದಿಂದ ನೀನು ಅಂಗಡಿಗೆ ಬರಲಿಲ್ಲ, ನಾನು ಕರೆಯಲಿಲ್ಲ. ಆ ಮಾತು ಮಾತ್ರ ಊರು ತಿರುಗಿತು. ನೀನು ಶಹಾಪುರದ ಎರಡು ಅಂಗಡಿಗಳಲ್ಲಿ ಕೆಲಸ ಕೇಳಿದೆಯಂತೆ. ಅವರಲ್ಲೊಬ್ಬ ನನಗೆ ಫೋನ್ ಮಾಡಿ, "ಅಣ್ಣಾ, ಇದು ಆ ಲಿಂಗೈಕ್ಯದ ಹೆಣ್ಣುಮಗಳೇನು?" ಎಂದು ಕೇಳಿದ. ಅಲ್ಲ ಎನ್ನಬಹುದಿತ್ತು. ನಗುವಿನಂಥ ಒಂದು ಸದ್ದು ಮಾಡಿ ಸುಮ್ಮನಾದೆ. ಅವನಿಗೆ ಅಷ್ಟು ಸಾಕಾಯಿತು. ಪತ್ರಿಕೆಯಲ್ಲಿ ಸತ್ತ ಚೆನ್ನಪ್ಪಗೌಡರು ಇವತ್ತಿಗೂ ಗಟ್ಟಿಯಾಗಿದ್ದಾರೆ. ಮೊಮ್ಮಗುವಿನ ಕೈ ಹಿಡಿದು ನನ್ನ ಅಂಗಡಿಯ ಮುಂದೆ ನಡೆದು ಹೋಗುತ್ತಾರೆ, ನನಗೆ ನಮಸ್ಕಾರವನ್ನೂ ಮಾಡುತ್ತಾರೆ. ಅನ್ನ ಕಳೆದುಕೊಂಡವಳು ನೀನೊಬ್ಬಳೇ.

ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿಯ ಸೀರೆಗೆ ಫಾಲ್ ಹಚ್ಚಿಸಲು ಯಾದಗಿರಿಯ ಸ್ಟೇಷನ್ ಹತ್ತಿರದ ಒಂದು ಅಂಗಡಿಗೆ ಹೋದೆ. ಹೊಲಿಗೆ ಮಶೀನಿನ ಹಿಂದೆ ನೀನು. ಸುಟ್ಟು ಹೋಗಬೇಕು ನಾನು. ನೀನೋ, "ಆರಾಮ ಇದ್ದೀರೇನ್ರಿ ಅಣ್ಣಾರ? ವೈನಿ ಚಲೋ ಇದ್ದಾರಿಲ್ಲ?" ಎಂದು ಸ್ಟೂಲ್ ಎಳೆದು ಕೊಟ್ಟೆ. ಬೈಯುತ್ತೀ ಎಂದು ಕಾದೆ. ಬೈದಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲವೇನೋ. ನೀನು ಸೀರೆಯ ಅಂಚು ಮಡಚುತ್ತ, ತಲೆ ಎತ್ತದೆ ಕೇಳಿದೆ:

"ಒಂದು ಮಾತು ಖರೇ ಹೇಳ್ರಿ ಅಣ್ಣಾರ. ಆ ಪದ ನಾ ತೆಗದಿದ್ದೆನೋ, ಇಲ್ಲೋ? ತೆಗದೀನಿ ಅಂತನೇ ನನ್ನ ಮನಸಿನ್ಯಾಗದ. ನಿಮಗ ತೋರಿಸಿದ್ದೂ ಕಣ್ಣಮುಂದ ಅದ. ಆದ್ರ ನೀವೇ ಇಲ್ಲ ಅಂದ ಮ್ಯಾಲ... ನನಗೇ ಅನುಮಾನ ಬರ್ತದ್ರಿ. ಈಗ ಗುಂಡಿ ಹಚ್ಚಿದ್ರೂ ಹಚ್ಚೀನೋ ಇಲ್ಲೋ ಅಂತ ಎರಡೆರಡು ಸಲ ನೋಡ್ತೀನಿ."

ನೀನು ಜಗಳಕ್ಕೆ ಕೇಳುತ್ತಿರಲಿಲ್ಲ. ನಿನಗೆ ನಿಜವಾಗಿ ಗೊತ್ತಾಗಬೇಕಿತ್ತು, ಮತ್ತು ಲೋಕದಲ್ಲಿ ಅದನ್ನು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆದರಬೇಕಾದ ಗೌಡರಿಲ್ಲ, ಗೌರಮ್ಮ ಇಲ್ಲ. ಹೂಂ, ತೆಗೆದಿದ್ದಿ ಎಂದರೆ ಮುಗಿಯುತ್ತಿತ್ತು.

"ನೆನಪಿಲ್ಲ ಮೈಬೂಬಿ," ಎಂದೆ. "ಬಾಳ ದಿನಾ ಆತಲ್ಲ."

ಮೊದಲ ಸುಳ್ಳಿಗೆ ಜನರ ಭಯವಿತ್ತು ಎಂದಾದರೂ ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಈ ಎರಡನೆಯದಕ್ಕೆ ಏನಿತ್ತು? ಏನೂ ಇರಲಿಲ್ಲ, ಬರೀ ಹೇಡಿತನ. ನಿನ್ನ ಕೆಲಸ ಕಸಿದದ್ದು ಸಾಲದೆಂದು ನಿನ್ನ ಕಣ್ಣಿನ ಮೇಲೆ ನಿನಗಿದ್ದ ನಂಬಿಕೆಯನ್ನೂ ಕಸಿದೆ. ಸೀರೆ ಕೊಟ್ಟು ಹೊರಬಿದ್ದೆ, ಅದನ್ನು ತರಲು ನಾನು ಹೋಗಲಿಲ್ಲ. ಹೆಂಡತಿಯನ್ನು ಕಳಿಸಿದೆ.

ಮೊನ್ನೆ ಗೌಡರ ಮನೆಗೆ ಹೋಗಿ ಎಲ್ಲ ಹೇಳಿದೆ. ಗೌರಮ್ಮನೂ ಅಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಮೈಬೂಬಿಯ ತಪ್ಪಲ್ಲ, ನನ್ನದು, ಗೊತ್ತಿದ್ದೂ ಅವಳ ಮೇಲೆ ಹಾಕಿದೆ ಎಂದೆ. ಮೈಮೇಲೆ ಎಗರುತ್ತಾರೆ ಎಂದು ಸಜ್ಜಾಗಿ ಹೋಗಿದ್ದೆ. ಗೌಡರು ಮೊಮ್ಮಗುವಿನ ಮೂಗು ಒರೆಸುತ್ತ ನಕ್ಕರು.

"ಈಗ್ಯಾಕೋ ಅದು? ಲಗ್ನಾತು, ಕೂಸೂ ಆತು. ಬಿಡತ್ಲಾಗ."

ಗೌರಮ್ಮ ಮೊರದಿಂದ ತಲೆ ಎತ್ತಲೇ ಇಲ್ಲ. "ಆಕಿ ಮಾಡಿದ್ರೇನು, ನೀ ಮಾಡಿದ್ರೇನು, ಆಗೋದು ಆಗಿ ಹೋತು. ಚಾ ಕುಡದು ಹೋಗು," ಎಂದಳು.

ಚಹಾ ಕುಡಿದೆ ಮೈಬೂಬಿ. ಕಹಿಯಾಗಿತ್ತು ಎಂದು ಬರೆದರೆ ಕಥೆಯಾಗುತ್ತದೆ, ಸಿಹಿಯಾಗಿಯೇ ಇತ್ತು. ಸುಳ್ಳನ್ನು ನಂಬಲು ಇವರಿಗೆ ಒಂದು ಗಳಿಗೆ ಹಿಡಿದಿರಲಿಲ್ಲ, ನಿಜವನ್ನು ಕೇಳಲು ಒಂದು ಗಳಿಗೆ ಪುರುಸೊತ್ತಿಲ್ಲ. ಇವರನ್ನು ದೂರಿ ನಾನು ಹಗುರಾಗುವ ಹಾಗಿಲ್ಲ, ದಾರಿ ತೋರಿಸಿದವನು ನಾನೇ. ಊರು ನಿನ್ನ ಹೆಸರನ್ನು ತಿರುಗಿ ಕೊಡುತ್ತದೆ ಎಂಬ ಆಸೆಯನ್ನು ಮಾತ್ರ ಗೌಡರ ಮನೆಯ ಕಟ್ಟೆಯ ಮೇಲೆ ಬಿಟ್ಟು ಬಂದೆ.

ನಾಳೆ ಬೆಳಿಗ್ಗೆ ಯಾದಗಿರಿಗೆ ಬರುತ್ತೇನೆ. ಹೆಂಗಸರು ಹೊಲಿಸಿಕೊಳ್ಳಲು ಕೂತಿರುವ ಹೊತ್ತು ನೋಡಿಯೇ ಬರುತ್ತೇನೆ, ಯಾಕೆಂದರೆ ನಿನಗೆ ಹಾಗೆ ಅಂದದ್ದೂ ಜನರ ಮುಂದೆಯೇ. ಮತ್ತೆ ಕೆಲಸಕ್ಕೆ ಬಾ ಎನ್ನುವ ಮುಖ ನನಗಿಲ್ಲ. ಕ್ಷಮಿಸು ಎಂದು ಕೇಳಿ ನಿನ್ನನ್ನು ಇನ್ನೊಂದು ಸಂಕಟಕ್ಕೆ ಹಾಕುವುದೂ ಇಲ್ಲ. ನೀನು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಹೇಳಿ ಹೋಗುತ್ತೇನೆ. ನೀನು ತೆಗೆದಿದ್ದೆ, ಮೈಬೂಬಿ. ನಾನು ನೋಡಿದ್ದೆ.